ಬೆಲ್ಟಿಗೆ ಎರಡು ತುದಿ, ಡಂಪರಿಗೆ ಒಂದೇ

ಮುಂಬಯಿಯ ಗೋರೆಗಾಂವ್-ಮುಲುಂಡ್ ಲಿಂಕ್ ರೋಡ್ ಯಾವಾಗ ಮುಗಿಯುತ್ತದೆ, ಎಷ್ಟು ನಿಮಿಷ ಉಳಿಯುತ್ತದೆ ಎಂದು ಮುಲುಂಡಿನಲ್ಲಿ ಎಲ್ಲರೂ ಕೇಳುತ್ತಾರೆ. ಅದರ ಸುರಂಗಗಳಿಗಾಗಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಡಿಯಲ್ಲಿ ಕೊರೆದು ತೆಗೆಯುವ ಕಲ್ಲು ಎಲ್ಲಿಗೆ, ಹೇಗೆ ಹೋಗುತ್ತದೆ ಎಂದು ಕೇಳಿದವರು ಕಡಿಮೆ. ಲೆಕ್ಕವೇನೂ ಕಷ್ಟದ್ದಲ್ಲ. ಜೋಡಿ ಸುರಂಗಗಳು ತಲಾ 4.7 ಕಿ.ಮೀ. ಒಳವ್ಯಾಸ 13 ಮೀಟರ್ ಎಂದು ಹಿಡಿದರೂ ಹೊರಬರುವ ಕಲ್ಲು 12 ಲಕ್ಷ ಘನ ಮೀಟರ್ ದಾಟುತ್ತದೆ, ಅಂದರೆ 30 ಲಕ್ಷ ಟನ್ನಿಗೂ ಹೆಚ್ಚು. ಡಂಪರೊಂದಕ್ಕೆ 20 ಟನ್ನಿನಂತೆ ಒಂದೂವರೆ ಲಕ್ಷ ಲೋಡು. ಪ್ರತಿ ಡಂಪರೂ ಖಾಲಿಯಾಗಿ ಮರಳಬೇಕು, ಆದ್ದರಿಂದ ರಸ್ತೆಯ ಪಾಲಿಗೆ ಇದು ಮೂರು ಲಕ್ಷ ಓಡಾಟ.

ಇದೇ ಭಾರವನ್ನು ಕನ್ವೇಯರ್ ಬೆಲ್ಟಿನ ಮೇಲೆ ಇಟ್ಟು ನೋಡೋಣ. ಗಂಟೆಗೆ 1,000 ಟನ್ ಕಲ್ಲನ್ನು ಒಂದು ಕಿಲೋಮೀಟರ್ ದೂರ ಒಯ್ದು 30 ಮೀಟರ್ ಮೇಲೆತ್ತಬೇಕು ಎಂದುಕೊಳ್ಳಿ. ಎತ್ತುವುದಕ್ಕೆ 80 ಕಿಲೋವಾಟ್ ಚಿಲ್ಲರೆ, ರೋಲರುಗಳ ಘರ್ಷಣೆಗೆ ಸುಮಾರು 100 ಕಿಲೋವಾಟ್. ಒಟ್ಟು 200 ಕಿಲೋವಾಟಿನ ಆಸುಪಾಸು. ಇದು ಒಂದು ದೊಡ್ಡ ಡಂಪರಿನ ಎಂಜಿನ್ನಿನಲ್ಲಿರುವ ಶಕ್ತಿ. ಅಷ್ಟೇ ಶಕ್ತಿಯಿಂದ ಬೆಲ್ಟು ಗಂಟೆಗೆ 50 ಡಂಪರುಗಳ ಲೋಡನ್ನು ಸಾಗಿಸುತ್ತದೆ. ಇದರಲ್ಲಿ ಮಾಯೆಯಿಲ್ಲ. ಡಂಪರು ಸರಕಿನ ಜೊತೆ ತನ್ನ ಹತ್ತಾರು ಟನ್ ಮೈಭಾರವನ್ನೂ ಹೊತ್ತು ಹೋಗಿ, ಅದನ್ನೇ ಹೊತ್ತು ಬರುತ್ತದೆ. ಬೆಲ್ಟು ನಿಂತಲ್ಲೇ ಸುತ್ತುತ್ತದೆ.

ಹಾಗೆಂದು ಬೆಲ್ಟು ಸರಳ ಯಂತ್ರ ಎಂದುಕೊಳ್ಳಬಾರದು. ಅದರ ಹೊರೆಯೆಲ್ಲ ಬೀಳುವುದು ಬೆಲ್ಟಿನ ಎಳೆತದ ಮೇಲೆ. ಉದ್ದ ಮತ್ತು ಏರು ಹೆಚ್ಚಿದಷ್ಟೂ ಎಳೆತ ಹೆಚ್ಚುತ್ತದೆ. ಒಂದು ಹಂತದ ನಂತರ ಬಟ್ಟೆಯ ಪದರ ಸಾಲದೆ ರಬ್ಬರಿನೊಳಗೆ ಉಕ್ಕಿನ ಹುರಿ ಹಾಸಬೇಕಾಗುತ್ತದೆ. ಡ್ರಮ್ಮು ಬೆಲ್ಟನ್ನು ಎಳೆಯುವುದು ಹಿಡಿತದ ಬಲದಿಂದ ಮಾತ್ರ. ಹಿಡಿತ ಜಾರದಿರಲು ಸಡಿಲ ಬದಿಯಲ್ಲಿ ತೂಕ ನೇತುಹಾಕಿ ಬೆಲ್ಟನ್ನು ಸದಾ ಬಿಗಿಯಾಗಿಡುತ್ತಾರೆ. ಸಾಮಾನ್ಯ ಬೆಲ್ಟು ಸುಮಾರು 18 ಡಿಗ್ರಿಗಿಂತ ಕಡಿದಾದ ಏರು ಹತ್ತಿದರೆ ಕಲ್ಲು ಹಿಂದಕ್ಕೆ ಉರುಳುತ್ತದೆ. ಧೂಳು ಹೆಚ್ಚಾಗಿ ಏಳುವುದು ಬೆಲ್ಟಿನ ಉದ್ದಕ್ಕಲ್ಲ, ಒಂದು ಬೆಲ್ಟಿನಿಂದ ಇನ್ನೊಂದಕ್ಕೆ ಸರಕು ಬೀಳುವ ಜಾಗದಲ್ಲಿ. ನುರಿತ ವಿನ್ಯಾಸಕಾರ ಅಂಥ ಜಾಗಗಳನ್ನು ಆದಷ್ಟು ಕಡಿಮೆ ಮಾಡುತ್ತಾನೆ, ಉಳಿದವನ್ನು ಮುಚ್ಚುತ್ತಾನೆ. ಬೆಲ್ಟನ್ನೇ ಕೊಳವೆಯಂತೆ ಸುರುಳಿಸಿ ಸರಕನ್ನು ಒಳಗೆ ಮುಚ್ಚಿ ಒಯ್ಯುವ ಪೈಪ್ ಕನ್ವೇಯರ್ ತಿರುವುಗಳಲ್ಲೂ ಸಾಗುವುದರಿಂದ ನಡುವೆ ಸರಕು ಸುರಿಯುವ ತಾಪತ್ರಯ ಬಹಳಷ್ಟು ತಪ್ಪುತ್ತದೆ. ಇದ್ಯಾವುದೂ ಹೊಸದಲ್ಲ.

ಹಾಗಿದ್ದೂ ನಗರದಲ್ಲಿ ಗೆಲ್ಲುವುದು ಡಂಪರೇ. ಅಗ್ಗ ಎನ್ನುವುದು ಅರ್ಧ ಉತ್ತರ. ನಿಜವಾದ ಕಾರಣ ಬೇರೆಯಿದೆ. ಬೆಲ್ಟಿಗೆ ಎರಡು ತುದಿ ಬೇಕು. ಸರಕು ಎಲ್ಲಿ ಹತ್ತುತ್ತದೆ, ಎಲ್ಲಿ ಇಳಿಯುತ್ತದೆ ಎಂಬ ಎರಡೂ ಮೊದಲೇ ತೀರ್ಮಾನವಾಗದೆ ಒಂದು ಕಂಬವನ್ನೂ ನೆಡಲಾಗದು. ಡಂಪರಿಗೆ ಹೊರಡುವ ಜಾಗ ಗೊತ್ತಿದ್ದರೆ ಸಾಕು; ಸೇರುವ ಜಾಗವನ್ನು ದಾರಿಯಲ್ಲಿ, ಕತ್ತಲಲ್ಲಿ, ಯಾರೂ ನೋಡದಾಗ ನಿರ್ಧರಿಸಬಹುದು. ಠಾಣೆ ಖಾರಿಯ ಕಾಂಡ್ಲಾ ಗಿಡಗಳ ಬುಡದಲ್ಲಿ ಡೆಬ್ರಿಸ್ ರಾಶಿ ಬೀಳುವುದು ಹೀಗೆಯೇ. ಸುರಂಗ ಕೊರೆಯುವ ದೊಡ್ಡ ಯಂತ್ರಗಳ (ಟಿಬಿಎಂ) ಹಿಂದೆ ಸುರಂಗದೊಳಗೆ ಬೆಲ್ಟೋ ಕೊಳವೆಯೋ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ಯಂತ್ರ ಇಳಿಸಲು ತೋಡಿದ ಬಾವಿಯ ಬಾಯಿಗೆ ಬಂದು ನಿಲ್ಲುತ್ತದೆ, ಏಕೆಂದರೆ ನಗರ ಯೋಚಿಸಿರುವುದೂ ಅಲ್ಲಿಯವರೆಗೇ.

ಮುಲುಂಡ್ ಪೂರ್ವದ ಡಂಪಿಂಗ್ ಗ್ರೌಂಡ್ ಇದನ್ನು ಬೇರೊಂದು ರೀತಿಯಲ್ಲಿ ಹೇಳುತ್ತದೆ. 1967ರಿಂದ ಕಸ ಸುರಿದ 24 ಹೆಕ್ಟೇರ್ ಜಾಗ, 2018ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕುವ ಹೊತ್ತಿಗೆ ಸುಮಾರು 70 ಲಕ್ಷ ಟನ್ ಕಸ. ಅದನ್ನು ತೆರವು ಮಾಡಲು ಆರಿಸಿದ ದಾರಿ ಬಯೋಮೈನಿಂಗ್, ಅಂದರೆ ಆ ಹಳೇ ಗುಡ್ಡವನ್ನು ಅಗೆದು, ಒಣಗಿಸಿ, ತಿರುಗುವ ಜರಡಿಯಲ್ಲಿ ಜಾಲಿಸಿ, ಬೆಲ್ಟುಗಳ ಮೇಲೆ ಬೇರ್ಪಡಿಸುವುದು: ಮಣ್ಣು ಒಂದು ಕಡೆ, ಕಲ್ಲು-ಇಟ್ಟಿಗೆ ಒಂದು ಕಡೆ, ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋಗಬಹುದಾದ ಪ್ಲಾಸ್ಟಿಕ್ ಮತ್ತು ಬಟ್ಟೆ ಮತ್ತೊಂದು ಕಡೆ. ಜರಡಿಯಿಂದ ರಾಶಿಯವರೆಗಿನ ಕೆಲಸಕ್ಕೆ ಬೆಲ್ಟು, ರಾಶಿಯಿಂದ ಆಚೆಗೆ ಡಂಪರು. ಗೇಟಿನೊಳಗೆ ಇಪ್ಪತ್ತೊಂದನೇ ಶತಮಾನ, ಗೇಟಿನಾಚೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ.

ತಮಾಷೆಯೆಂದರೆ ಮುಂಬಯಿ ನೂರು ವರ್ಷದ ಹಿಂದೆ ಹೀಗಿರಲಿಲ್ಲ. ಕುರ್ಲಾ-ಚೆಂಬೂರ್ ರೈಲು ಹಳಿಯನ್ನು 1906ರಲ್ಲಿ ಹಾಕಿದ್ದು ಕಸದ ಗಾಡಿಗಳಿಗಾಗಿ. ಪ್ರಯಾಣಿಕರಿಗೆ ಅದು ತೆರೆದದ್ದು 1924ರಲ್ಲಿ. ಹಾರ್ಬರ್ ಲೈನಿನ ಆ ಭಾಗದಲ್ಲಿ ಮನುಷ್ಯರಿಗಿಂತ ಮೊದಲು ಕಸ ರೈಲು ಹತ್ತಿತ್ತು. ಹಳಿಗೂ ಎರಡು ತುದಿ ಬೇಕೇ ಬೇಕು.

ಕನ್ನಡಿಗರಿಗೆ ಇದರ ಕಹಿ ಪಾಠ ಬಳ್ಳಾರಿ-ಸಂಡೂರಿನಲ್ಲಿ ಆಗಿದೆ. ಅದಿರಿನ ಲಾರಿಗಳು ಎಬ್ಬಿಸಿದ ಕೆಂಧೂಳು ಹೊಲ, ಮನೆ, ಶ್ವಾಸಕೋಶ ಎಲ್ಲವನ್ನೂ ಹೊಕ್ಕ ಮೇಲೆ 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ನಂತರದ ಪುನಶ್ಚೇತನ ಯೋಜನೆಯಲ್ಲಿ ಅದಿರನ್ನು ರಸ್ತೆಯಿಂದ ಇಳಿಸಿ ಕನ್ವೇಯರಿಗೂ ರೈಲಿಗೂ ಏರಿಸುವುದು ಮುಖ್ಯ ಅಂಶವಾಯಿತು. ನಂದಿಹಳ್ಳಿ ಕಡೆಯಿಂದ ತೋರಣಗಲ್ಲಿನ ಜಿಂದಾಲ್ ಉಕ್ಕು ಕಾರ್ಖಾನೆಗೆ ಸುಮಾರು 24 ಕಿ.ಮೀ. ಉದ್ದದ ಪೈಪ್ ಕನ್ವೇಯರ್ ಹೋಗಿದೆ. ಲಾರಿಯವರ ಹೊಟ್ಟೆಪಾಡಿನ ಪ್ರಶ್ನೆ ಅಲ್ಲಿ ಇನ್ನೂ ಹಸಿಯಾಗಿದೆ, ಅದನ್ನು ಬದಿಗೆ ಸರಿಸಲಾಗದು. ಆದರೂ ಗಮನಿಸಬೇಕಾದ್ದು ಕ್ರಮವನ್ನು: ಮೊದಲು ಊರು ಧೂಳಾಯಿತು, ಆಮೇಲೆ ಕೋರ್ಟು ಬಂತು, ಕೊನೆಗೆ ಬೆಲ್ಟು.

ಸ್ವಿಟ್ಜರ್ಲೆಂಡಿನ ಗೊಟಾರ್ಡ್ ರೈಲು ಸುರಂಗದಲ್ಲಿ ಈ ಕ್ರಮ ತಿರುಗುಮುರುಗಾಗಿತ್ತು. 57 ಕಿ.ಮೀ. ಸುರಂಗದಿಂದ ಬಂದ ಸುಮಾರು 2.8 ಕೋಟಿ ಟನ್ ಕಲ್ಲಿಗೆ ಬೆಲ್ಟುಗಳ ಜಾಲವನ್ನೇ ಹಾಸಿದರು. ಒಂದು ಪಾಲನ್ನು ಪುಡಿಮಾಡಿ ಅದೇ ಸುರಂಗದ ಕಾಂಕ್ರೀಟಿಗೆ ಬಳಸಿದರು. ಕಲ್ಲು ಸೇರುವ ಜಾಗಗಳು ಅಗೆತಕ್ಕೆ ಮೊದಲೇ ಯೋಜನೆಯಲ್ಲಿದ್ದವು.

ಮುಂಬಯಿಯಲ್ಲಿ ಬೆಲ್ಟು ಹಾಸಲು ಜಾಗವೆಲ್ಲಿ ಎಂಬ ಆಕ್ಷೇಪ ಸರಿಯಾದದ್ದೇ. ಹಳೇ ಕಸಕ್ಕೆ ದೂರದ ಬೆಲ್ಟು ಹೊಂದುವುದೂ ಕಷ್ಟ. ಹಸಿ ಮಣ್ಣು ಅಂಟುತ್ತದೆ, ಪ್ಲಾಸ್ಟಿಕ್ ಮತ್ತು ಬಟ್ಟೆ ರೋಲರಿಗೆ ಸುತ್ತಿಕೊಳ್ಳುತ್ತವೆ. ಡಂಪಿಂಗ್ ಗ್ರೌಂಡಿಗೆ ಉದ್ದದ ಬೆಲ್ಟು ಬೇಕೆಂದು ನಾನು ವಾದಿಸುವುದಿಲ್ಲ. ಸುರಂಗದ ಕಲ್ಲು ಹಾಗಲ್ಲ. ಒಂದೇ ಜಾತಿಯದು, ಒಂದೇ ಬಾಯಿಯಿಂದ ವರ್ಷಗಟ್ಟಲೆ ಬರುವಂಥದ್ದು, ಗುಣಮಟ್ಟ ಸಾಕಾದರೆ ಜಲ್ಲಿಯಾಗಬಲ್ಲದ್ದು. ಬೆಲ್ಟಿಗೆ ಇದಕ್ಕಿಂತ ಒಪ್ಪುವ ಸರಕು ಸಿಗುವುದು ಅಪರೂಪ.

ಅಡ್ಡಿಯಿರುವುದು ಟೆಂಡರಿನ ಲೆಕ್ಕದಲ್ಲಿ. ಕಲ್ಲು ವಿಲೇವಾರಿಯನ್ನು ಗುತ್ತಿಗೆದಾರನ ಪಾಲಿಗೆ ಬಿಟ್ಟರೆ ಅವನು ತನ್ನ ಜೇಬಿನಿಂದ ಹೋಗುವುದನ್ನಷ್ಟೇ ಎಣಿಸುತ್ತಾನೆ. ಅದು ಅವನ ತಪ್ಪಲ್ಲ. ಕಿತ್ತುಹೋದ ಡಾಂಬರು, ರಾತ್ರಿಯ ಸದ್ದು, ಸಿಗ್ನಲ್ ಬಳಿ ಬೈಕಿನವನ ಪಕ್ಕಕ್ಕೆ ಬರುವ ಚಕ್ರ, ಇವು ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಸಾಗಣೆಗೆ ಪ್ರತ್ಯೇಕ ಬಾಬ್ತು ಇಟ್ಟು, ರಸ್ತೆಯ ಮೇಲಿನ ಪ್ರತಿ ಟನ್-ಕಿಲೋಮೀಟರಿಗೂ ಗುತ್ತಿಗೆದಾರನಿಂದ ದರ ವಸೂಲು ಮಾಡಿದರೆ ಬೆಲ್ಟು ದುಬಾರಿಯೋ ಡಂಪರು ದುಬಾರಿಯೋ ಎಂಬುದು ಕಾಗದದ ಮೇಲೆಯೇ ತಿಳಿಯುತ್ತದೆ.

2024ರ ಜುಲೈ 13ರಂದು ಪ್ರಧಾನಿ ಚಾಲನೆ ಕೊಟ್ಟದ್ದು ಗೋರೆಗಾಂವ್-ಮುಲುಂಡ್ ಸುರಂಗಕ್ಕೆ ಮಾತ್ರವಲ್ಲ. ಅದೇ ಕಾಡಿನಡಿ ಹಾಯುವ, 11.8 ಕಿ.ಮೀ. ಉದ್ದದ ಠಾಣೆ-ಬೋರಿವಲಿ ಯೋಜನೆಗೂ ಅಂದೇ ಚಾಲನೆ ಸಿಕ್ಕಿತು. ಮೊದಲನೆಯದು ಮುಂಬಯಿ ಮಹಾನಗರ ಪಾಲಿಕೆಯದು, ಎರಡನೆಯದು ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ್ದು (ಎಂಎಂಆರ್‌ಡಿಎ). ಎರಡರ ಕಲ್ಲೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೊರಬೀಳುವುದರಿಂದ, ಎರಡೂ ಸಂಸ್ಥೆಗಳು ಜೊತೆ ಕೂತು ಜಲ್ಲಿ ಮಾಡುವ ಒಂದು ಜಾಗ, ರೈಲಿಗೆ ತುಂಬುವ ಒಂದು ಯಾರ್ಡ್ ಗುರುತಿಸಿ ಅವುಗಳ ಹೆಸರನ್ನು ಜನರ ಮುಂದಿಡಲಿ. ಬೆಲ್ಟು ಎಷ್ಟು ಉದ್ದ, ಮೋಟರು ಎಷ್ಟು ದೊಡ್ಡದು ಎಂಬುದನ್ನು ಎಂಜಿನಿಯರುಗಳು ಆಮೇಲೆ ಒಂದು ವಾರದಲ್ಲಿ ಹೇಳುತ್ತಾರೆ.