ನಮ್ಮ ಗ್ಯಾರೇಜಿನಿಂದ: ಬ್ರೇಕಿಗೆ ಯಾರ ಕಾಲು ಅಳತೆ?



ಕಳೆದ ಸಂಚಿಕೆಯಲ್ಲಿ ಚಳಿಗಾಲದ ಬ್ಯಾಟರಿಯ ವಿಚಾರ ಬರೆದ ಮೇಲೆ, ಸಂಘದ ವನಭೋಜನದಲ್ಲಿ ಹಲವರು ನಮ್ಮನ್ನು ತಡೆದು ನಿಲ್ಲಿಸಿ, "ಏನು ಸ್ವಾಮಿ, ಆ ಹಳೇ ಷೆವಿ ಇನ್ನೂ ಇದೆಯೋ?" ಎಂದು ವಿಚಾರಿಸಿದರು. ಇದೆ. 1974ರ ನೋವಾ. ಈ ದೇಶಕ್ಕೆ ಬಂದ ಹೊಸದರಲ್ಲಿ, 1979ರಲ್ಲಿ, ಸೆಕೆಂಡ್ ಹ್ಯಾಂಡಾಗಿ ಕೊಂಡದ್ದು. ಮಗ ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಕರೆತಂದದ್ದೂ ಅದರಲ್ಲೇ. ಈಗ ಮಾನ್ಮತ್ ಜಂಕ್ಷನ್ನಿನ ನಮ್ಮ ಗ್ಯಾರೇಜಿನಲ್ಲಿ ಮುಸುಕು ಹೊದ್ದು ಮಲಗಿರುತ್ತದೆ. ಭಾನುವಾರ ಎದ್ದು ಬ್ರಿಡ್ಜ್‌ವಾಟರಿಗೆ ಹೋಗಿ ವೆಂಕಟೇಶ್ವರನ ದರ್ಶನ ಮಾಡಿಕೊಂಡು ಬರುತ್ತದೆ.

ನಮ್ಮೂರು ಹೆಸರಿಗೆ ಮಾತ್ರ ಜಂಕ್ಷನ್. ರೈಲುಗಳು ಇಲ್ಲಿ ನಿಲ್ಲದೆ ಓಡಿಹೋಗುತ್ತವೆ. ಕಳೆದ ವರ್ಷ ಬೇಸಿಗೆಯಲ್ಲಿ ನಮ್ಮ ನೋವಾ ಕೂಡ ಹಾಗೇ ಮಾಡಲು ಹೊರಟಿತು. ದೇವಸ್ಥಾನಕ್ಕೆಂದು ಹೊರಟಿದ್ದೆವು. ರೂಟ್ ಒಂದರಲ್ಲಿ, ರಿಡ್ಜ್ ರೋಡಿನ ಹತ್ತಿರ ಸಿಗ್ನಲ್ ಕೆಂಪಾಯಿತು. ಬ್ರೇಕು ಒತ್ತಿದರೆ ಪೆಡಲು ಕಲ್ಲು! ಸೀಟಿಗೆ ಬೆನ್ನು ಕೊಟ್ಟು ಎರಡು ಕಾಲಲ್ಲೂ ತುಳಿದ ಮೇಲೆ, ಮುಂದಿದ್ದ ಲಾರಿಗೆ ಒಂದು ಮಾರು ಬಿಟ್ಟು ನಿಂತಿತು. ಪಕ್ಕದಲ್ಲಿ ಕುಳಿತಿದ್ದ ನಮ್ಮ ಮನೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ರೀ, ಇನ್ನೇನು ಸ್ವಾಮಿಯ ದರ್ಶನ ಇಲ್ಲೇ ಆಗ್ತಿತ್ತಲ್ಲ" ಅಂದರು.

ಕೆಟ್ಟಿದ್ದು ಬೂಸ್ಟರು. ಅದೇನು ಎಂದು ಕೇಳುವವರಿಗೆ ಎರಡು ಮಾತು. ಬ್ರೇಕ್ ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ದೊಡ್ಡ ತಟ್ಟೆಯಂಥ ಒಂದು ಡಬ್ಬಿ ಇರುತ್ತದೆ. ಒಳಗೆ ರಬ್ಬರಿನ ಪರದೆ. ಇಂಜಿನ್ನು ಗಾಳಿ ಎಳೆಯುವ ರಭಸದಿಂದ ಪರದೆಯ ಎರಡು ಕಡೆಯೂ ಗಾಳಿ ತೆಳುವಾಗಿರುತ್ತದೆ. ನಾವು ಪೆಡಲು ಒತ್ತಿದೊಡನೆ ಹಿಂಬದಿಗೆ ಹೊರಗಿನ ಗಾಳಿ ನುಗ್ಗಿ ಪರದೆಯನ್ನು ಮುಂದಕ್ಕೆ ತಳ್ಳುತ್ತದೆ. 8 ಅಂಗುಲದ ಪರದೆಯೆಂದರೆ ಸುಮಾರು 50 ಚದರ ಅಂಗುಲ. ಒಂದೊಂದು ಚದರ ಅಂಗುಲಕ್ಕೆ 9 ಪೌಂಡು ಹಿಡಿದರೂ 450 ಪೌಂಡಿನ ಸಹಾಯ. ನಮ್ಮದರಲ್ಲಿ ಪರದೆ ಹರಿದಿತ್ತು. ಅಷ್ಟು ಬಲದ ಆಳು ಹೇಳದೆ ಕೇಳದೆ ಕೆಲಸ ಬಿಟ್ಟು ಹೋದ ಹಾಗಾಯಿತು.

ಒಂದು ಅಂಗಡಿಯಿಂದ ರಿಪೇರಿ ಮಾಡಿದ ಬೂಸ್ಟರು ತಂದು ಹಾಕಿದೆವು. ಮೂರು ತಿಂಗಳಿಗೆ ಅದೂ ಬುಸ್ಸೆಂದಿತು. ಆಗ ನಮಗೆ ರೋಷ ಬಂತು. ಊರಿನಲ್ಲಿ ಅಂಬಾಸಡರ್, ಪದ್ಮಿನಿಗಳಲ್ಲಿ ಆಗುಂಬೆ ಘಾಟಿ ಇಳಿದವರು ನಾವು. ಅವಕ್ಕೆಲ್ಲಿತ್ತು ಬೂಸ್ಟರು? ಈ ಡಬ್ಬಿಯೇ ಬೇಡ, ಬರೀ ಕಾಲಿನ ಬಲದಲ್ಲಿ ನಿಲ್ಲಿಸೋಣ ಎಂದು ತೀರ್ಮಾನಿಸಿದೆವು.

ಆ ರೋಷದಲ್ಲಿ ಒಂದು ತಪ್ಪಿತ್ತು. ಆ ಹಳೇ ಗಾಡಿಗಳದು ಡ್ರಮ್ ಬ್ರೇಕು. ತಿರುಗುವ ಡ್ರಮ್ಮೇ ಮುಂದಿನ ಷೂವನ್ನು ಎಳೆದು ಇನ್ನಷ್ಟು ಬಿಗಿ ಮಾಡುತ್ತದೆ. ನಮ್ಮ ನೋವಾಗೆ ಮುಂದೆ ಡಿಸ್ಕು. ಡಿಸ್ಕಿಗೆ ಆ ಗುಣವಿಲ್ಲ. ಎಷ್ಟು ಒತ್ತಿದರೆ ಅಷ್ಟೇ ಫಲ. ಆದ್ದರಿಂದ ಬೂಸ್ಟರು ಕಿತ್ತು ಬಿಸಾಡಿದರೆ ಸಾಲದು, ಲೆಕ್ಕವನ್ನೂ ಬದಲಾಯಿಸಬೇಕು.

ಲೆಕ್ಕ ಹೀಗಿದೆ. ಬೂಸ್ಟರಿನ ಗಾಡಿಯಲ್ಲಿ ಪೆಡಲಿನ ಸನ್ನೆ ಸುಮಾರು ನಾಲ್ಕು ಪಟ್ಟು, ಮಾಸ್ಟರ್ ಸಿಲಿಂಡರಿನ ಒಳ ಅಗಲ 1.125 ಅಂಗುಲ. ಬೂಸ್ಟರಿಲ್ಲದೆ ಕಾಲಿನಲ್ಲಿ 100 ಪೌಂಡು ಒತ್ತಿದರೆ ಎಣ್ಣೆಯಲ್ಲಿ ಚದರ ಅಂಗುಲಕ್ಕೆ 400 ಪೌಂಡಿನಷ್ಟು ಒತ್ತಡ ಬರುತ್ತದೆ. ಸನ್ನೆಯನ್ನು ಆರು ಪಟ್ಟಿಗೆ ಏರಿಸಿ, 1 ಅಂಗುಲದ ಸಿಲಿಂಡರು ಹಾಕಿದರೆ ಅದೇ 100 ಪೌಂಡಿಗೆ ಸುಮಾರು 760. ಆದರೆ ಪುಕ್ಕಟೆಯಾಗಿ ಯಾವುದೂ ಸಿಗುವುದಿಲ್ಲ. ಅಷ್ಟೇ ಎಣ್ಣೆ ತಳ್ಳಲು ಪೆಡಲು ಹೆಚ್ಚುಕಡಿಮೆ ಎರಡರಷ್ಟು ದೂರ ಇಳಿಯಬೇಕು. ಇನ್ನೂ ಸಣ್ಣ ಸಿಲಿಂಡರು ಹಾಕುವ ಆಸೆಯಾದರೆ ನೆನಪಿರಲಿ: ಪೆಡಲು ಹೋಗಿ ನೆಲಕ್ಕೆ ಮುಟ್ಟೀತು.

ಮಗ ಬಂದಿದ್ದಾಗ ಕೆಲಸಕ್ಕೆ ಕೈ ಹಾಕಿದೆವು. ನಮ್ಮ ಪೆಡಲಿನ ತೋಳಿನಲ್ಲಿ ಎರಡು ತೂತುಗಳಿದ್ದವು. ತಳ್ಳುಗೋಲನ್ನು ಕೆಳಗಿನದರಿಂದ ಮೇಲಿನದಕ್ಕೆ ಬದಲಾಯಿಸಿದರೆ ಸನ್ನೆ ಹೆಚ್ಚುತ್ತದೆ. ಬೂಸ್ಟರಿಲ್ಲದ ಗಾಡಿಯ ಸಿಲಿಂಡರಿನ ಪಿಸ್ಟನ್ನಿನಲ್ಲಿ ಕುಳಿ ಆಳವಾಗಿರಬೇಕು. ಬೂಸ್ಟರಿನ ಗಾಡಿಯದು ಆಳವಿಲ್ಲ. ಉದ್ದದ ಗೋಲು ಜಾರಿ ಕೆಳಗೆ ಬಿದ್ದರೆ ದೇವರೇ ಗತಿ. ಇಂಜಿನ್ನಿನಿಂದ ಬೂಸ್ಟರಿಗೆ ಹೋಗುತ್ತಿದ್ದ ಗಾಳಿಯ ಕೊಳವೆಯ ಬಾಯಿಯನ್ನು ಭದ್ರವಾಗಿ ಮುಚ್ಚಬೇಕು, ಇಲ್ಲದಿದ್ದರೆ ಇಂಜಿನ್ನು ಕುಂಟುತ್ತದೆ. ಆಮೇಲೆ ಎಣ್ಣೆಯೊಳಗಿನ ಗಾಳಿ ತೆಗೆಯುವುದು: ದೂರದ ಚಕ್ರದಿಂದ ಆರಂಭಿಸಿ ಹತ್ತಿರದ್ದಕ್ಕೆ. ಬಲ ಹಿಂದಿನದು, ಎಡ ಹಿಂದಿನದು, ಬಲ ಮುಂದಿನದು, ಎಡ ಮುಂದಿನದು. ನಾವು ಕೆಳಗೆ ಮಲಗಿ "ಒತ್ತು" ಅನ್ನುವುದು, ಮಗ ಮೇಲೆ ಕುಳಿತು "ಒತ್ತಿದೆ ಅಪ್ಪಾ" ಅನ್ನುವುದು. ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ನಮ್ಮ ಕನ್ನಡ ಪಾಠವಾಯಿತು.

ಮರುದಿನ ಬೆಳಿಗ್ಗೆ ಖಾಲಿಯಿದ್ದ ಒಂದು ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಪರೀಕ್ಷೆ. 30 ಮೈಲಿ ವೇಗದಿಂದ ನಾವು ನಿಲ್ಲಿಸಿದೆವು. ನೆಟ್ಟಗೆ ನಿಂತಿತು. ಮಗ ನಿಲ್ಲಿಸಿದ. ನಿಂತಿತು. ನಮಗೆ ಆಗುಂಬೆಯನ್ನೇ ಗೆದ್ದಷ್ಟು ಸಂತೋಷ. ಆಗ ನಮ್ಮ ಮನೆಯವರು, "ನಾನೂ ಒಂದು ಸಲ ನೋಡ್ತೀನಿ" ಎಂದು ಸೆರಗು ಸಿಕ್ಕಿಸಿ ಸ್ಟೀರಿಂಗಿಗೆ ಕೂತರು. ಅವರಿಗೆ ಬಲ ಮಂಡಿ ನೋವು. ಮೆಲ್ಲಗೆ ಒತ್ತಿದಾಗ ಗಾಡಿ ಮೆಲ್ಲಗೆ ನಿಂತಿತು. "ಈಗ ಎದುರಿಗೆ ಮಗು ಬಂತು ಅಂದ್ಕೋ ಅಮ್ಮ" ಎಂದ ಮಗ. ಅವರು ತುಳಿದರು. ನಮ್ಮ ಗುರುತಿನ ಕಲ್ಲನ್ನು ದಾಟಿ ನಾಲ್ಕು ಕಾರಿನ ಜಾಗ ಹೋಗಿ ನಿಂತಿತು.

"ಹೋಗಲಿ ಬಿಡು, ನೀನು ಟೊಯೋಟಾ ಓಡಿಸು, ಇದು ನನಗಿರಲಿ" ಅಂದೆವು.

"ಸರಿ. ದಾರೀಲಿ ನಿಮಗೆ ತಲೆ ಸುತ್ತು ಬಂದರೆ ಮನೆಗೆ ಗಾಡಿ ತರೋರು ಯಾರು? ನಿಮ್ಮ ಪದ್ಮಿನಿಯೇ?" ಎಂದರು.

ಉತ್ತರ ಕೊಡಲು ನಮ್ಮಲ್ಲಿ ಲೆಕ್ಕವಿರಲಿಲ್ಲ. ಎಣ್ಣೆಯ ಒತ್ತಡ, ಸನ್ನೆಯ ಪಟ್ಟು ಎಲ್ಲ ಸರಿಯಾಗಿತ್ತು. 100 ಪೌಂಡು ಯಾರ ಕಾಲಿನದು ಎಂಬುದನ್ನೇ ನಾವು ಕೇಳಿಕೊಂಡಿರಲಿಲ್ಲ. ಎಪ್ಪತ್ತು ದಾಟಿದ ನಮ್ಮ ಕಾಲೂ ಇನ್ನೈದು ವರ್ಷಕ್ಕೆ ಅವರ ಮಂಡಿಯ ಹಾಗೇ ಆದೀತು. ಎರಡು ವಾರ ಬಿಟ್ಟು ಹೊಸ ಬೂಸ್ಟರು ತರಿಸಿದೆವು, ರಿಪೇರಿಯದಲ್ಲ. ಹಳೇ ಅಳತೆಯ ಸಿಲಿಂಡರು ಮರಳಿ ಬಂತು, ಗೋಲು ಕೆಳಗಿನ ತೂತಿಗೆ ಇಳಿಯಿತು.

ಬೂಸ್ಟರು ತೆಗೆಯುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಸರಿಯಾದ ಭಾಗ ಹಾಕಿ ಮಾಡಿದರೆ ಗಾಡಿ ನಿಲ್ಲುತ್ತದೆ. ಆದರೆ ಆ ಗಾಡಿಯ ಸ್ಟೀರಿಂಗ್ ಹಿಡಿಯಬಹುದಾದವರಲ್ಲಿ ಅತ್ಯಂತ ದುರ್ಬಲ ಕಾಲು ಯಾರದೋ ಅವರಿಂದ ಮೊದಲು ಪರೀಕ್ಷೆ ಮಾಡಿಸಿ. 2010ರ ಆಗಸ್ಟಿನಿಂದ ನ್ಯೂಜೆರ್ಸಿಯ ತಪಾಸಣೆಯಲ್ಲಿ ಮನೆಯ ಕಾರುಗಳ ಬ್ರೇಕು ನೋಡುವುದನ್ನು ನಿಲ್ಲಿಸಿದ್ದಾರೆ. ನೋಡಬೇಕಾದವರು ನಾವೇ.

ಬೂಸ್ಟರಿರುವ ಕಾರಿಗೆ ಮನೆಯಲ್ಲೇ ಮಾಡುವ ಪರೀಕ್ಷೆ ಸುಲಭ. ಇಂಜಿನ್ನು ನಿಲ್ಲಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ. ಗಟ್ಟಿಯಾಗುತ್ತದೆ. ಕಾಲು ಹಾಗೇ ಇಟ್ಟು ಇಂಜಿನ್ನು ಶುರು ಮಾಡಿ. ಪೆಡಲು ಸ್ವಲ್ಪ ಕೆಳಗಿಳಿದರೆ ಬೂಸ್ಟರು ಬದುಕಿದೆ. ಇಳಿಯದಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಿ. ರಸ್ತೆಯಲ್ಲೇ ಕೈಕೊಟ್ಟರೆ ಬ್ರೇಕೇ ಇಲ್ಲವೆಂದು ಹೆದರಿ ಕಾಲು ತೆಗೆಯಬೇಡಿ, ಪಂಪು ಹೊಡೆಯಲೂ ಬೇಡಿ. ಇದ್ದಬದ್ದ ಬಲವನ್ನೆಲ್ಲ ಹಾಕಿ ಒತ್ತಿ ಹಿಡಿಯಿರಿ.

ನೋವಾ ಈಗ ಮತ್ತೆ ಬ್ರಿಡ್ಜ್‌ವಾಟರಿಗೆ ಹೋಗಿಬರುತ್ತಿದೆ. ಹೋಗುವಾಗ ನಾವು, ಬರುವಾಗ ಅವರು. ಮುಂದಿನ ಸಂಚಿಕೆಯಲ್ಲಿ ಟಯರಿನ ವಿಚಾರ.