ಆಟವೋ, ಕೂಲಿಯೋ?

ಬೈಲಹೊಂಗಲದ ಬಸ್ಸಿರಲಿ, ಸವದತ್ತಿಯದಿರಲಿ, ಹಿಂದಿನ ಸೀಟಿನ ಮಾತು ಒಂದೇ: "ಇವತ್ತಿನ ಮಿಷನ್ ಮುಗೀತೇನಲೇ?"

ನಾನೂ ಬಿಜಿಎಂಐ ಆಡುವವನೇ. ಆದರೆ ಒಂದು ಸ್ಕಿನ್‌ಗಾಗಿ ಬೇಸರವಾದರೂ ಮತ್ತೆ ಮತ್ತೆ ಮ್ಯಾಚ್ ಆಡಿದರೆ ಅದು ಆಟವಲ್ಲ, ಕೂಲಿ. ಕೂಲಿಗಾದರೆ ಸಂಜೆ ಪಗಾರವಾದರೂ ಸಿಗುತ್ತದೆ.

2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ಮೊಬೈಲ್ ನಿಷೇಧವಾಯಿತು. 2022ರ ಜುಲೈನಲ್ಲಿ ಬಿಜಿಎಂಐ ಕೂಡ ಆ್ಯಪ್ ಸ್ಟೋರ್‌ಗಳಿಂದ ಹೋಯಿತು. ಮರುವರ್ಷ ಮರಳಿತು, ನಿಜ. ಆದರೆ ನಾವು ಗಳಿಸಿದ್ದರ ಕೀಲಿಕೈ ನಮ್ಮ ಹತ್ತಿರ ಇಲ್ಲ ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ಮರಳಿದಾಗ 18 ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿಯೂ ಇತ್ತು. ಮನೆಯವರ ವಯಸ್ಸು ತೋರಿಸಿ ಅದನ್ನು ದಾಟುವ ಜಾಣರು ನಮ್ಮಲ್ಲೇ ಇದ್ದಾರೆ.

ಆಡೋಣ, ಗೆಳೆಯರ ಜೊತೆ ನಗಲಿಕ್ಕೆ. "ಮಿಷನ್ ಬಾಕಿ ಐತಿ" ಎಂದು ನಿದ್ದೆಗೆಡುವ ದಿನ ಮಾತ್ರ ಫೋನ್ ಕೆಳಗಿಡೋಣ.