ಮನೆ ತಾರಸಿಗೆ ಗಾಳಿಯಂತ್ರ: ಚಾಂದ್‌ಖೇಡಾದಲ್ಲಿ ಕರೆಂಟ್ ಬಿಲ್ ಇಳಿಯುತ್ತಾ?

ಅಹಮದಾಬಾದ್: ಪವನ ವಿದ್ಯುತ್ತಿನಲ್ಲಿ ಗುಜರಾತ್ ದೇಶದ ಮುಂಚೂಣಿ ರಾಜ್ಯ. ಕಛ್, ಜಾಮ್‌ನಗರ, ದ್ವಾರಕಾ ಕಡೆ ಹೋದರೆ ಸಾಲುಸಾಲು ಗಾಳಿಯಂತ್ರಗಳು ಕಾಣುತ್ತವೆ. ಹಾಗಾದರೆ ಅದೇ ರಾಜ್ಯದ ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ತಾರಸಿ ಮೇಲೊಂದು ಸಣ್ಣ ಯಂತ್ರ ಹಾಕಿದರೆ ಕರೆಂಟ್ ಬಿಲ್ ಇಳಿಯುತ್ತದೆಯೇ? ಹಣ ಹಾಕುವ ಮುನ್ನ ಈ ಲೆಕ್ಕ ನೋಡಿ.

ಕೆಲಸ ಮಾಡುವುದು ಹೇಗೆ?

ಗಾಳಿಗೆ ರೆಕ್ಕೆ ತಿರುಗುತ್ತದೆ, ಅದಕ್ಕೆ ಜೋಡಿಸಿದ ಜನರೇಟರ್ ವಿದ್ಯುತ್ ಉತ್ಪಾದಿಸುತ್ತದೆ. ಗಾಳಿಯಂತೆ ಈ ವಿದ್ಯುತ್ತೂ ಏರಿಳಿಯುವುದರಿಂದ ಮೊದಲು ಅದನ್ನು ಡಿಸಿಗೆ ಬದಲಿಸಿ ಬ್ಯಾಟರಿಗೆ ತುಂಬಲಾಗುತ್ತದೆ. ನಂತರ ಇನ್ವರ್ಟರ್ ಮೂಲಕ ಮನೆಗೆ ಬಳಕೆ. ಬಿರುಗಾಳಿ ಬೀಸಿದಾಗ ಯಂತ್ರ ಕೆಡದಂತೆ ಬ್ರೇಕ್ ವ್ಯವಸ್ಥೆಯೂ ಬೇಕು.

ಅಸಲಿ ಲೆಕ್ಕ ಇಲ್ಲಿದೆ

ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿನ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೇ ಒಂದು ಭಾಗ. ಎಂಥ ಯಂತ್ರವಾದರೂ ಗಾಳಿಯ ಶಕ್ತಿಯಲ್ಲಿ ಶೇ 59ಕ್ಕಿಂತ ಹೆಚ್ಚು ಹಿಡಿಯಲಾರದು. ಸಣ್ಣ ಯಂತ್ರಕ್ಕೆ ಶೇ 25 ದಕ್ಕುತ್ತದೆ ಎಂದುಕೊಳ್ಳೋಣ. 2 ಮೀಟರ್ ವ್ಯಾಸದ ಯಂತ್ರ ಸೆಕೆಂಡಿಗೆ 12 ಮೀಟರ್ ವೇಗದ ಗಾಳಿಯಲ್ಲಿ ಸುಮಾರು 830 ವ್ಯಾಟ್ ಕೊಡುತ್ತದೆ. 6 ಮೀಟರ್ ವೇಗದಲ್ಲಿ ಸಿಗುವುದು 104 ವ್ಯಾಟ್, 3 ಮೀಟರ್ ವೇಗದಲ್ಲಿ ಬರೀ 13 ವ್ಯಾಟ್. ಅಂದರೆ ಒಂದು ಎಲ್‌ಇಡಿ ಬಲ್ಬಿಗೆ ಸಾಕಾಗುವಷ್ಟು! ಲೇಬಲ್ ಮೇಲಿನ ‘1 ಕಿಲೋವ್ಯಾಟ್’ ಸಾಮಾನ್ಯವಾಗಿ ಜೋರು ಗಾಳಿಯ ಲೆಕ್ಕ.

ಚಾಂದ್‌ಖೇಡಾ ಕಡಲ ತೀರದಲ್ಲಿಲ್ಲ, ಸುತ್ತಲೂ ಕಟ್ಟಡಗಳು. ಕಟ್ಟಡಕ್ಕೆ ಬಡಿದ ಗಾಳಿ ವೇಗ ಕಳೆದುಕೊಂಡು ಸುಳಿಯಾಗುತ್ತದೆ. ಸುತ್ತಲಿನ 150 ಮೀಟರ್ ಒಳಗಿನ ಯಾವುದೇ ಅಡೆತಡೆಗಿಂತ 9 ಮೀಟರ್ ಎತ್ತರದಲ್ಲಿ ರೆಕ್ಕೆ ಇರಬೇಕೆಂಬುದು ಈ ಕ್ಷೇತ್ರದ ರೂಢಿ ಲೆಕ್ಕ. ಬಡಾವಣೆಯ ತಾರಸಿಯಲ್ಲಿ ಇದು ಕಷ್ಟ.

ಸೋಲಾರ್ ಮುಂದೆ ಗಾಳಿ

1 ಕಿಲೋವ್ಯಾಟ್ ಸೋಲಾರ್ ಫಲಕ ನಮ್ಮ ದೇಶದಲ್ಲಿ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿಯೂ ಇದೆ.

ಹಾಗೆಂದು ಮನೆ ಗಾಳಿಯಂತ್ರ ದಂಡ ಎನ್ನಲಾಗದು. ಗ್ರಿಡ್ ತಲುಪದ ಕಡಲ ತೀರದ ಮನೆಗೆ, ಬಯಲಿನ ತೋಟಕ್ಕೆ ಅದು ಆಸರೆ. ಮೋಡ ಕವಿದ ಮಳೆಗಾಲದಲ್ಲಿ ಸೋಲಾರ್ ಸೊರಗಿದಾಗ ಗಾಳಿ ಕೈಹಿಡಿಯುತ್ತದೆ. ನಮ್ಮ ಚಿತ್ರದುರ್ಗ, ಗದಗದ ಗುಡ್ಡಗಳ ಮಾತು ಬೇರೆ, ಬೆಂಗಳೂರಿನ ಅಪಾರ್ಟ್‌ಮೆಂಟ್ ಮಾತು ಬೇರೆ. ಆದ್ದರಿಂದ ಮೊದಲು ನಿಮ್ಮ ತಾರಸಿಯ ಗಾಳಿಯ ವೇಗವನ್ನು ಕೆಲವು ತಿಂಗಳು ಅಳೆಯಿರಿ. ಯಂತ್ರ ಕೊಳ್ಳುವ ಮಾತು ಆಮೇಲೆ.